ಬೆನ್ನ ಹಿಂದಿನ ಬಲ್ಬು

ಅಡುಗೆಮನೆಯಲ್ಲಿ ನಾನು ತರಕಾರಿ ಹೆಚ್ಚುತ್ತಿದ್ದುದು ನನ್ನದೇ ನೆರಳಿನಲ್ಲಿ ಅಂತ ಗೊತ್ತಾಗಲು ಎಷ್ಟೋ ವರ್ಷ ಬೇಕಾಯಿತು. ಬೆಳಕು ಸಾಲದು ಅಂದುಕೊಂಡು 9 ವಾಟಿನ ಎಲ್ಇಡಿ ತೆಗೆದು 18 ವಾಟಿನದು ಹಾಕಿದೆ. ನೆಲ ಫಳಫಳ ಅಂದಿತು, ಫ್ರಿಜ್ಜಿನ ತಲೆ ಮೇಲಿನ ಧೂಳು ಕಂಡಿತು, ಮೂಲೆಯ ಜೇಡಕ್ಕೂ ಮುಜುಗರವಾಗುವಷ್ಟು ಬೆಳಕು. ಹೆಚ್ಚುವ ಮಣೆ ಮಾತ್ರ ಹಾಗೇ ಮಬ್ಬು! ಬಲ್ಬು ಇರುವುದು ಸೀಲಿಂಗಿನ ನಟ್ಟನಡುವೆ, ಕಟ್ಟೆ ಇರುವುದು ಗೋಡೆಗೆ ಅಂಟಿಕೊಂಡು, ಎರಡರ ಮಧ್ಯೆ ಬಲ್ಬಿಗೆ ಬೆನ್ನು ಹಾಕಿ ನಿಂತವನು ನಾನು. ಇದಕ್ಕೆ ವಾಟ್ ಏನು ಮಾಡೀತು ಪಾಪ.

ಮೇಲಿನ ಕಪಾಟಿನ ಅಡಿಗೆ ಒಂದು ಎಲ್ಇಡಿ ಪಟ್ಟಿ ಅಂಟಿಸಿದ ಮೇಲೆ ಬೆರಳು ಯಾವುದು, ಬೀನ್ಸ್ ಯಾವುದು ಅಂತ ತಿಳಿಯಿತು. ಅದರಲ್ಲೂ ಮೊದಲ ಸಲ ತಪ್ಪಿದೆ. ಪಟ್ಟಿಯನ್ನು ಕಪಾಟಿನ ಹಿಂಬದಿಗೆ ಹಾಕಿದ್ದೆ, ಗೋಡೆಯ ಟೈಲ್ಸ್ ಮಿಂಚಿತು. ಮುಂದಿನ ಅಂಚಿಗೆ ತಂದಾಗ ಬೆಳಕು ಮಣೆಯ ಮೇಲೆ ಬಿತ್ತು. ಕಟ್ಟೆ ಪಾಲಿಶ್ ಮಾಡಿದ ಕಲ್ಲಾಗಿದ್ದರೆ ಪಟ್ಟಿಯ ಚುಕ್ಕಿಚುಕ್ಕಿಯೂ ಅದರಲ್ಲಿ ಕಂಡು ಕಣ್ಣಿಗೆ ಚುಚ್ಚುತ್ತದೆ. ಹಾಲುಬಣ್ಣದ ಕವರ್ ಇರುವುದೇ ವಾಸಿ.

ಬಲ್ಬಿನ ಡಬ್ಬಿ ಓದುವುದಂತೂ ಜಾತಕ ಓದಿದ ಹಾಗೆ. ವಾಟ್ ಅನ್ನುವುದು ಅದು ತಿನ್ನುವ ಕರೆಂಟು, ಕೊಡುವ ಬೆಳಕಿನ ಲೆಕ್ಕ ಲ್ಯೂಮೆನ್ನಿನಲ್ಲಿ. ಹಳೆಯ 60 ವಾಟಿನ ತಂತಿ ಬಲ್ಬು ಕೊಡುತ್ತಿದ್ದ ಸುಮಾರು 800 ಲ್ಯೂಮೆನ್ನನ್ನು ಈಗಿನ ಎಲ್ಇಡಿ 8–9 ವಾಟಿಗೇ ಕೊಡುತ್ತದೆ. ಆಮೇಲೆ ಕೆಲ್ವಿನ್, ಅಂದರೆ ಬೆಳಕಿನ ಬಣ್ಣವನ್ನು ಕಾವಿನ ಲೆಕ್ಕದಲ್ಲಿ ಹೇಳುವ ಅಳತೆ. ಹಳದಿ ಬೆಳಕಿನ 2700 ಕೆಲ್ವಿನ್ನನ್ನು ‘ವಾರ್ಮ್’ ಅನ್ನುತ್ತಾರೆ, ನೀಲಿ ಮಿಶ್ರಿತ ಬಿಳಿಯ 6500ನ್ನು ‘ಕೂಲ್’ ಅನ್ನುತ್ತಾರೆ. ಕುಲುಮೆಯಲ್ಲಿ ಕಬ್ಬಿಣ ಕಾಯುವುದನ್ನು ನೋಡಿದವರಿಗೆ ಇದು ತಲೆಕೆಳಗು ಅನಿಸುತ್ತದೆ, ಅಲ್ವಾ? ಅಲ್ಲಿ ಮೊದಲು ಕೆಂಪು, ಆಮೇಲೆ ಹಳದಿ, ಇನ್ನೂ ಕಾದರೆ ಬಿಳಿ. ನಾನು ಅಡುಗೆಮನೆಗೆ ನಡುವಿನ 4000 ತಂದೆ. 6500 ಹಾಕಿ ನೋಡಿದ್ದೂ ಉಂಟು. ರಾತ್ರಿ ನೀರು ಕುಡಿಯಲು ಹೋದರೆ ಆಪರೇಷನ್ ಥಿಯೇಟರಿಗೆ ಕಾಲಿಟ್ಟ ಹಾಗಾಗುತ್ತಿತ್ತು.

ಡಬ್ಬಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸಿಆರ್‌ಐ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವುದಕ್ಕೆ 100ಕ್ಕೆ ಸಿಕ್ಕ ಅಂಕ. 80 ಇದ್ದರೆ ಪಾಸು. 90 ದಾಟಿದರೆ ಕೆಂಪು ಕೆಂಪಾಗಿಯೇ ಕಾಣುತ್ತದೆ, ಒಳ್ಳೆಯ ಹಣ್ಣನ್ನು ಸುಮ್ನೆ ಅನುಮಾನದಿಂದ ನೋಡಬೇಕಿಲ್ಲ.

ಈ ಸಂಖ್ಯೆ ಗ್ಯಾರೇಜಿಗೂ ಬೇಕು, ಕಂದು ವೈರನ್ನು ಕೆಂಪು ಅಂದುಕೊಂಡು ಜೋಡಿಸಬಾರದಲ್ಲ. ಆದರೆ ಅಲ್ಲೂ ದೊಡ್ಡ ರಗಳೆ ನೆರಳಿನದ್ದೇ. ಕಾರಿನ ನೆತ್ತಿಯ ಮೇಲೆ ಒಂದೇ ಟ್ಯೂಬ್‌ಲೈಟ್ ಇತ್ತು. ಕಾರಿನ ಟಾಪ್ ಜಗಜಗ. ಬಾನೆಟ್ ಎತ್ತಿದರೆ ಅದೇ ಕೊಡೆಯಂತೆ ಅಡ್ಡ ನಿಂತು ಇಂಜಿನ್ ಗುಹೆಯಾಗುತ್ತಿತ್ತು. ಈಗ ಎರಡೂ ಪಕ್ಕಕ್ಕೆ ಉದ್ದಕ್ಕೆ ಒಂದೊಂದು ಟ್ಯೂಬ್, ಗೋಡೆಗೆ ಬಿಳಿ ಬಣ್ಣ. ಒಂದು ಕಡೆಯ ನೆರಳನ್ನು ಇನ್ನೊಂದು ಕಡೆಯ ಬೆಳಕು ತಿಳಿ ಮಾಡುತ್ತದೆ. ಕಾರಿನ ಹೊಟ್ಟೆಯೊಳಗೆ ಇಣುಕಲು ಮಾತ್ರ ಅಯಸ್ಕಾಂತದ ಕೈದೀಪವೇ ಗತಿ.

ಜಾಣತನ ಜಾಸ್ತಿಯಾಗಿ ಅಲ್ಲಿಗೆ ಮೋಷನ್ ಸೆನ್ಸರ್ ಕೂಡ ಹಾಕಿಸಿದ್ದೆ. ಎರಡೂ ಕೈಯಲ್ಲಿ ಸಾಮಾನು ಹಿಡಿದು ಬಂದಾಗ ತಾನಾಗಿ ಹತ್ತಿಕೊಳ್ಳುವುದು ನಿಜಕ್ಕೂ ಸುಖ. ಒಂದು ದಿನ ಕಾರಿನಡಿ ಮಲಗಿ, ಬೋಲ್ಟ್ ಬಿಚ್ಚಿ, ಅದು ಉರುಳಿ ಹೋಗದಂತೆ ಬೆರಳಲ್ಲಿ ಒತ್ತಿ ಹಿಡಿದಿದ್ದೇನೆ, ಪಟ್ಟನೆ ಕತ್ತಲು. ಸೆನ್ಸರಿನ ಲೆಕ್ಕದಲ್ಲಿ ಅಲ್ಲಿ ಯಾರೂ ಇರಲಿಲ್ಲ. ಹೊರಗಿದ್ದ ಕಾಲುಗಳನ್ನು ಮೇಲೆ ಕೆಳಗೆ ಆಡಿಸುತ್ತಿರುವಾಗಲೇ ಮಗಳು ಬಂದು ಬಾಗಿಲಲ್ಲಿ ನಿಂತು, "ಅಪ್ಪಾ, ವ್ಯಾಯಾಮನಾ?" ಅಂದಳು.

ಈಗ ಗ್ಯಾರೇಜಿಗೆ ಸಾದಾ ಸ್ವಿಚ್ಚು. ರಾತ್ರಿಯಿಡೀ ಉರಿದು, ಆರಿಸಲು ಮರೆತದ್ದು ನೆನಪಾಗುವುದು ಬೆಳಿಗ್ಗೆ.