ಎಂಬಿಪಿಎಸ್ ಮಹಾತ್ಮೆ

ಮೈಸೂರಿನಲ್ಲಿ ಒಂದು ಖಾಲಿ ಕಂಬ ತೋರಿಸಿ ನೋಡೋಣ. ಸಿಗುವುದಿಲ್ಲ. ಪಿಜಿ, ಟ್ಯೂಷನ್, ಮೂಲವ್ಯಾಧಿ ಚಿಕಿತ್ಸೆ, ಇವುಗಳ ಪಕ್ಕದಲ್ಲಿ ಈಗ ಬ್ರಾಡ್‌ಬ್ಯಾಂಡ್ ಬೋರ್ಡಿಗೂ ಜಾಗ ಆಗಿದೆ. ಒಂದು ಕಂಬದಲ್ಲಿ 100 ಎಂಬಿಪಿಎಸ್ (ಸೆಕೆಂಡಿಗೆ ಅಷ್ಟು ಮೆಗಾಬಿಟ್ ಡೇಟಾ), ಮುಂದಿನದರಲ್ಲಿ 200, ಸರ್ಕಲ್ ದಾಟಿದರೆ 300. ಸುಮ್ನೆ ನಡೆಯುತ್ತಾ ಹೋದರೆ ರಿಂಗ್ ರೋಡ್ ಹೊತ್ತಿಗೆ ಒಂದು ಜಿಬಿಪಿಎಸ್, ಅಂದರೆ ಸಾವಿರ ಎಂಬಿಪಿಎಸ್, ಸಿಕ್ಕೇ ಸಿಗುತ್ತದೆ. ಕೆಳಗೆ ‘ಗೇಮಿಂಗ್‌ಗೆ ಬೆಸ್ಟ್’ ಅಂತ ಬರೆದು, ಹೆಡ್‌ಫೋನ್ ಹಾಕಿಕೊಂಡು ನಗುತ್ತಿರುವ ಹುಡುಗನ ಫೋಟೊ ಹಾಕಿರುತ್ತಾರೆ. ಆ ಹುಡುಗ ಮೈಸೂರಿನವನಂತೂ ಅಲ್ಲ. ಇಲ್ಲಿ ಆನ್‌ಲೈನಲ್ಲಿ ಆಡುವ ಹುಡುಗರು ಯಾರೂ ನಗುವುದಿಲ್ಲ.

ಯಾಕೆಂದರೆ ಬೋರ್ಡಿನಲ್ಲಿ ಬರೆದಿರುವುದೇ ಒಂದು, ಆಟಕ್ಕೆ ಬೇಕಾಗಿರುವುದೇ ಇನ್ನೊಂದು. ಪ್ಲೇಸ್ಟೇಷನ್ನೋ ಎಕ್ಸ್‌ಬಾಕ್ಸೋ, ಆಡುವಾಗ ಹೋಗಿ ಬರುವ ಡೇಟಾ ತೀರಾ ಕಡಿಮೆ. ಹೆಚ್ಚಿನ ಆಟಗಳಿಗೆ ಪೂರ್ತಿ ಒಂದು ಎಂಬಿಪಿಎಸ್ ಕೂಡ ಬೇಡ. ಬೇಕಾದದ್ದು ಪಿಂಗ್. ಇಲ್ಲಿ ಬಟನ್ ಒತ್ತಿದ್ದು ಸರ್ವರಿಗೆ, ಅಂದರೆ ಆಟ ನಡೆಸುವ ದೂರದ ಕಂಪ್ಯೂಟರಿಗೆ ಮುಟ್ಟಿ, ಅಲ್ಲಿಂದ ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅನ್ನುವ ಲೆಕ್ಕ. ಅದು ಕಡಿಮೆ ಇರಬೇಕು, ಒಂದೇ ಸಮ ಇರಬೇಕು. 40 ಇದ್ದದ್ದು ಇದ್ದಕ್ಕಿದ್ದಂತೆ 240ಕ್ಕೆ ಹಾರಿದರೆ, ಹುಡುಗ ತಾನು ಗೋಡೆ ಹಿಂದೆ ಅವಿತುಕೊಂಡಿದ್ದೇನೆ ಅಂದುಕೊಂಡಿರುತ್ತಾನೆ. ಸರ್ವರ್ ಲೆಕ್ಕದಲ್ಲಿ ಅವನು ಆಗಲೇ ಸತ್ತಿರುತ್ತಾನೆ. ಈ ಪಿಂಗನ್ನು ಮಾತ್ರ ಯಾವ ಕಂಬದ ಮೇಲೂ ಬರೆದಿಲ್ಲ. ಬರೆದರೆ ಆಮೇಲೆ ಯಾರಾದರೂ ಕೇಳುತ್ತಾರಲ್ಲ!

ಸರ್ಕಾರದ ಲೆಕ್ಕವೂ ಸ್ಪೀಡಿನದ್ದೇ. 2004ರಲ್ಲಿ 256 ಕೆಬಿಪಿಎಸ್, ಅಂದರೆ ಸುಮಾರು ಕಾಲು ಎಂಬಿಪಿಎಸ್ ಬಂದರೆ ಅದು ಬ್ರಾಡ್‌ಬ್ಯಾಂಡ್. 2013ರಲ್ಲಿ ದೊಡ್ಡ ಮನಸ್ಸು ಮಾಡಿ 512 ಅಂದರು. 2023ರ ಜನವರಿಯಲ್ಲಿ ಕ್ರಾಂತಿಯೇ ಆಯಿತು, ಕನಿಷ್ಠ 2 ಎಂಬಿಪಿಎಸ್! ಈಗಿನ ದೊಡ್ಡ ಆಟಗಳು 100 ಜಿಬಿ ದಾಟುತ್ತವೆ. ಸರ್ಕಾರ ಒಪ್ಪಿದ ಈ ಬ್ರಾಡ್‌ಬ್ಯಾಂಡಿನಲ್ಲಿ ಪಾಡ್ಯದ ದಿನ, ಅತ್ತ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟನೆ ಆಗುವ ಹೊತ್ತಿಗೆ, ಇತ್ತ ಡೌನ್‌ಲೋಡ್ ಒತ್ತಿದರೆ ಲಲಿತಾ ಪಂಚಮಿ ರಾತ್ರಿಗೆ ಆಟ ಮನೆ ಸೇರುತ್ತದೆ. ತೆರೆದ ತಕ್ಷಣ ಅಪ್‌ಡೇಟ್ ಕೇಳುತ್ತದೆ. ಅದಕ್ಕೆ ವಿಜಯದಶಮಿ. ಜಂಬೂ ಸವಾರಿ ನೋಡಿಕೊಂಡು ಬಂದು ಆಡಲು ಕೂರಬಹುದು.

100 ಎಂಬಿಪಿಎಸ್ ತಗೊಂಡವರು ಎರಡೂಕಾಲು ಗಂಟೆಯಲ್ಲಿ ಇಳಿಸಿಕೊಳ್ಳುತ್ತಾರೆ, ಅದು ನಿಜ. ಆದರೆ ಅದು ಆಟ ಇಳಿಸಿಕೊಳ್ಳುವ ಮಾತು, ಆಡುವ ಮಾತಲ್ಲ. ‘ಅನ್‌ಲಿಮಿಟೆಡ್’ ಅಂತ ದಪ್ಪ ಅಕ್ಷರದಲ್ಲಿ ಬರೆದು, ಸಣ್ಣ ಅಕ್ಷರದಲ್ಲಿ ತಿಂಗಳಿಗೆ 3300 ಜಿಬಿ ಅನ್ನುವುದರ ಬಗ್ಗೆ ನನಗೆ ಕೋಪವಿಲ್ಲ. ಅಷ್ಟು ಖರ್ಚು ಮಾಡುವ ಮನೆಗೆ ಬೇರೆ ಸಮಸ್ಯೆಗಳಿರುತ್ತವೆ.

ನಮ್ಮ ಮನೆಯ ಆಟಗಾರ ನನ್ನ ಅಕ್ಕನ ಮಗ. ಮಂಡ್ಯದಿಂದ ಇಲ್ಲಿಗೆ ಇಂಜಿನಿಯರಿಂಗ್ ಓದಲು ಬಂದಿದ್ದಾನೆ. ಪುಸ್ತಕಕ್ಕಿಂತ ಮೊದಲು ಕನ್ಸೋಲ್ (ಆಟ ಆಡುವ ಪೆಟ್ಟಿಗೆ) ಬಂತು, ಅದರ ಹಿಂದೆ ಬ್ರಾಡ್‌ಬ್ಯಾಂಡ್ ಬೇಕು ಅನ್ನುವ ಅರ್ಜಿ. ಲೈನ್ ಎಳೆಯಲು ಬಂದ ಹುಡುಗ ಕಂಬದಿಂದ ಹೊಂಗೆ ಮರಕ್ಕೆ, ಮರದಿಂದ ಕಾಂಪೌಂಡಿಗೆ ಫೈಬರ್ ಎಳೆದು, ಹಾಲಿನ ಗೋಡೆಗೆ ಡ್ರಿಲ್ ಇಡುವಷ್ಟರಲ್ಲಿ ಮಹಡಿಯಿಂದ ಓನರ್ ಇಳಿದು ಬಂದರು.

“ಗೋಡೆ ಮುಟ್ಟಂಗಿಲ್ಲ ಕಣ್ರೀ. ನಮ್ಮಪ್ಪ ಗಾರೆಯಲ್ಲಿ ಕಟ್ಟಿಸಿದ್ದು.”

“ಮತ್ತೆ ಒಳಗೆ ಹೇಗೆ ತರೋದು ಸಾರ್?”

“ಅಡುಗೆ ಮನೆ ಎಕ್ಸಾಸ್ಟ್ ಫ್ಯಾನ್ ಪಕ್ಕ ತೂತಿದೆ, ಅಲ್ಲಿಂದ ತನ್ನಿ. ಕರೆಂಟಿನ ಐಟಂ ಎಲ್ಲಾ ಅಗ್ನಿಮೂಲೆಯಲ್ಲೇ ಇರಬೇಕು, ವಾಸ್ತುಗೂ ಒಳ್ಳೇದು.”

ಹೀಗೆ ರೂಟರ್ ಅಡುಗೆ ಮನೆ ಸೇರಿತು. ವಾಸ್ತು ಪ್ರಕಾರ ಅದಕ್ಕೆ ಸರಿಯಾದ ಜಾಗ. ತೊಂದರೆ ಏನೆಂದರೆ ಪಕ್ಕದಲ್ಲೇ ಮೈಕ್ರೋವೇವ್ ಓವನ್ ಇದೆ. ಅದರ ಅಲೆಯೂ 2.4 ಗಿಗಾಹರ್ಟ್ಸ್, ವೈಫೈನ ಹಳೇ ಬ್ಯಾಂಡೂ 2.4 ಗಿಗಾಹರ್ಟ್ಸ್, ಒಂದಕ್ಕೊಂದು ಅಡ್ಡ ಬರುತ್ತವೆ. 5 ಗಿಗಾಹರ್ಟ್ಸ್ ಬ್ಯಾಂಡಿಗೆ ಈ ಜಗಳ ಇಲ್ಲ, ಆದರೆ ಓನರ್ ಅವರ ಅಪ್ಪ ಕಟ್ಟಿಸಿದ ಗೋಡೆ ದಾಟುವ ಶಕ್ತಿಯೂ ಅದಕ್ಕಿಲ್ಲ. ಹಾಗಾಗಿ ರಾತ್ರಿ ಎಂಟರ ಹೊತ್ತಿಗೆ ನನ್ನ ಹೆಂಡತಿ ಸಾರು ಬಿಸಿ ಮಾಡಲು ಇಟ್ಟರೆ, ಆಚೆ ರೂಮಿನಿಂದ “ಅತ್ತೇ, ಎಲ್ಡ್ ನಿಮ್ಸ ತಡೀರಿ, ಲಾಸ್ಟ್ ಸರ್ಕಲ್!” ಅನ್ನುವ ಕೂಗು ಬರುತ್ತಿತ್ತು. ಅವಳು ತಡೆಯುತ್ತಿರಲಿಲ್ಲ. ಅವನು ಉಳಿಯುತ್ತಿರಲಿಲ್ಲ.

ಕೊನೆಗೆ ವೈಫೈ ಬಿಟ್ಟು, ರೂಟರಿನಿಂದ ನೇರ ಕನ್ಸೋಲಿಗೆ ಹಾಕುವ ಲ್ಯಾನ್ ಕೇಬಲ್ ತಂದೆವು. ಕನ್ಸೋಲಿಗೆ ಇದಕ್ಕಿಂತ ಒಳ್ಳೇ ಮದ್ದು ಇಲ್ಲ, ಎಂಟು ಆಂಟೆನಾ, ಕೆಂಪು ಲೈಟು ಇರುವ ಗೇಮಿಂಗ್ ರೂಟರೂ ಬೇಡ. ಕ್ಯಾಟ್ 5ಇ ಅನ್ನುವ ಸಾದಾ ಕೇಬಲ್ ನೂರು ಮೀಟರ್ ದೂರದವರೆಗೂ ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುತ್ತದೆ, ಬೆಲೆಯೂ ಕಡಿಮೆ. ನೀಲಿ ಕೇಬಲ್ ಅಡುಗೆ ಮನೆಯಿಂದ ಹೊರಟು, ದೇವರ ಮನೆ ಹೊಸಿಲು ದಾಟಿ, ಹಾಲ್ ಅಂಚಿನಲ್ಲಿ ಹರಿದು ರೂಮು ಸೇರಿತು. ಅಂದಿನಿಂದ ದೇವರ ಮನೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಆಯುಧ ಪೂಜೆ ದಿನ ಸ್ಕೂಟರ್, ಮಿಕ್ಸಿ, ಕುಕ್ಕರ್ ಜೊತೆ ರೂಟರಿಗೂ ಅರಿಶಿನ ಕುಂಕುಮ ಆಯಿತು. ಸ್ವಲ್ಪ ಜಾಸ್ತಿಯೇ ಆಯಿತು. ಗಾಳಿ ಆಡುವ ಕಿಂಡಿಯಿಂದ ಈಗಲೂ ಬೀಸಿದಾಗ ಕುಂಕುಮ ಉದುರುತ್ತದೆ.

ಇಷ್ಟಾದ ಮೇಲೂ ಪಿಂಗ್ ಕುಣಿಯುತ್ತಿತ್ತು. “ಏನ್ ಮಾವ ಇದು, ನೂರು ಅಂತವ್ರೆ, ಆಡಕ್ಕೇ ಬುಡ್ತಿಲ್ಲ” ಅಂದ. ಕಂಪ್ಲೇಂಟ್ ಕೊಟ್ಟೆವು. ಲೈನ್ ಎಳೆದ ಹುಡುಗ ಮತ್ತೆ ಬಂದ. ರೂಟರಿಗೆ ಒಂದು ಗೇಣು ದೂರದಲ್ಲಿ ಫೋನ್ ಹಿಡಿದು, ಉಸಿರು ಬಿಗಿಹಿಡಿದು ಸ್ಪೀಡ್ ಟೆಸ್ಟ್ ಒತ್ತಿದ. ಮುಳ್ಳು ಸರ್ರನೆ ಏರಿತು.

“98 ಬಂತು ನೋಡಿ ಸಾರ್. ಪಿಂಗು 3.”

“ಎಲ್ಲಿಗೆ 3?”

“ನಮ್ಮ ಸರ್ವರಿಗೆ ಸಾರ್. ಇಲ್ಲೇ, ಆಫೀಸಲ್ಲೇ ಇದೆ.”

ಅಂದರೆ ನಮ್ಮ ಮನೆಯಿಂದ ಅವರ ಆಫೀಸಿಗೆ ಹೋಗಿ ಬರಲು 3 ಮಿಲಿಸೆಕೆಂಡ್. ಆಟ ಅವರ ಆಫೀಸಿನಲ್ಲಿ ನಡೆಯುವುದಿದ್ದರೆ ನಮಗೆ ಯಾವ ತಕರಾರೂ ಇರಲಿಲ್ಲ. ಪರೀಕ್ಷೆ ಬರೆಯುವವನೇ ಪ್ರಶ್ನೆಪತ್ರಿಕೆ ತಯಾರಿಸಿ, ತಾನೇ ತಿದ್ದಿ, ನೂರಕ್ಕೆ ತೊಂಬತ್ತೆಂಟು ಹಾಕಿಕೊಳ್ಳುವುದನ್ನು ನಾವು ಕೈಕಟ್ಟಿ ನಿಂತು ನೋಡುತ್ತೇವೆ, ಅದಕ್ಕೆ ಕಾಫಿ ಬೇರೆ ಕೊಡುತ್ತೇವೆ.

ಆಟದ ಸರ್ವರ್ ಇರುವುದು ಮುಂಬೈನಲ್ಲಿ, ಇಲ್ಲವೇ ಸಿಂಗಾಪುರದಲ್ಲಿ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಸಾವಿರ ಕಿಲೋಮೀಟರ್ ಹೋಗಿ ಬರಲು 10 ಮಿಲಿಸೆಕೆಂಡ್ ಸಾಕು. ಮೈಸೂರಿಂದ ಬೆಂಗಳೂರಿಗೆ ಒಂದು ಮಿಲಿಸೆಕೆಂಡೂ ಬೇಡ, ಟೋಲ್ ಕಟ್ಟಬೇಕಾಗಿಲ್ಲ, ಮದ್ದೂರಿನಲ್ಲಿ ವಡೆಗೆ ನಿಲ್ಲಬೇಕಾಗಿಲ್ಲ. ಇಷ್ಟೆಲ್ಲ ಅನುಕೂಲ ಇದ್ದೂ ಮುಂಬೈಗೆ 90, 100 ಅಂತ ಪಿಂಗ್ ತೋರಿಸುತ್ತದೆ ಅಂದರೆ, ತಪ್ಪು ಬೆಳಕಿನದ್ದಲ್ಲ. ಎಲ್ಲೋ ಸಾಲಿನಲ್ಲಿ ನಿಂತು ಕಾಯುತ್ತಿದೆ, ಇಲ್ಲವೇ ಸುತ್ತು ದಾರಿ ಹಿಡಿದಿದೆ.

ಅಕ್ಕನ ಮಗ ಆಡುವುದು ಮಂಡ್ಯದ ಗೆಳೆಯನ ಜೊತೆ. ಮೈಸೂರಿಗೂ ಮಂಡ್ಯಕ್ಕೂ 45 ಕಿಲೋಮೀಟರ್, ಇಬ್ಬರದ್ದೂ ಬೇರೆ ಬೇರೆ ಕಂಪನಿ ಲೈನು. ಇವನು ಒತ್ತಿದ ಬಟನ್ ಮಂಡ್ಯ ದಾಟಿಕೊಂಡು ಬೆಂಗಳೂರಿಗೆ ಹೋಗಿ, ಅಲ್ಲಿಂದ ಮುಂಬೈ ನೋಡಿಕೊಂಡು, ಮತ್ತೆ ಬೆಂಗಳೂರಿಗೆ ಬಂದು, ಆಮೇಲೆ ಮಂಡ್ಯದಲ್ಲಿ ಇಳಿಯುತ್ತದೆ. ಅತ್ತ ಸರ್ಕಾರ ‘ಬಿಯಾಂಡ್ ಬೆಂಗಳೂರು’ ಅಂತ ಹೆಸರಿಟ್ಟು, ಬೆಂಗಳೂರು ಸಾಕು, ಮೈಸೂರಿಗೆ ಬನ್ನಿ ಅಂತ ಕಂಪನಿಗಳನ್ನು ಕರೆಯುತ್ತಿದೆ. ಬರಲಿ ಪಾಪ. ಅವರ ಡೇಟಾ ಮಾತ್ರ ದಿನಾ ಬೆಳಿಗ್ಗೆ ಬೆಂಗಳೂರಿಗೇ ಕೆಲಸಕ್ಕೆ ಹೋಗುತ್ತದೆ.

ಮುಂದಿನ ಕಂಟಕ ನ್ಯಾಟ್, ಅಂದರೆ ಹಲವರು ಒಂದೇ ಇಂಟರ್ನೆಟ್ ವಿಳಾಸ ಹಂಚಿಕೊಳ್ಳುವ ಏರ್ಪಾಡು. ಕನ್ಸೋಲಿನ ಸೆಟ್ಟಿಂಗ್ಸ್ ತೆರೆದರೆ ಪ್ಲೇಸ್ಟೇಷನ್ನಿನಲ್ಲಿ ಟೈಪ್ 1, 2, 3 ಅಂತ ತೋರಿಸುತ್ತದೆ, ಎಕ್ಸ್‌ಬಾಕ್ಸಿನಲ್ಲಿ ಓಪನ್, ಮಾಡರೇಟ್, ಸ್ಟ್ರಿಕ್ಟ್ ಅಂತ. ಟೈಪ್ 3 ಅಥವಾ ಸ್ಟ್ರಿಕ್ಟ್ ಬಂದರೆ ಗೆಳೆಯನ ದನಿ ಕೇಳುವುದಿಲ್ಲ, ಅವನ ಆಟದ ಗುಂಪಿಗೆ ಸೇರಲು ಆಗುವುದಿಲ್ಲ. ಮೂಲ ಕಾರಣ ಇಷ್ಟೇ. ಹಳೇ ಇಂಟರ್ನೆಟ್ ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಜಗತ್ತಿಗೆಲ್ಲ ಹಂಚುವ ಗೋದಾಮು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಹಾಗಾಗಿ ಕಂಪನಿಗಳು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಅಗ್ರಹಾರದ ಹಳೇ ವಠಾರ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊರಗೆ ಗೇಟಿಗೆ ಒಂದೇ ನಂಬರ್, ಒಳಗೆ ಹನ್ನೆರಡು ಸಂಸಾರ. ಒಳಗಿನವರು ಯಾವಾಗ ಬೇಕಾದರೂ ಹೊರಗೆ ಹೋಗಬಹುದು, ಆದರೆ ಹೊರಗಿನಿಂದ ಬಂದ ಪೋಸ್ಟ್‌ಮ್ಯಾನ್ ಯಾರ ಬಾಗಿಲು ತಟ್ಟಬೇಕು ಅಂತ ಗೊತ್ತಾಗದೆ ಗೇಟಿನಲ್ಲೇ ನಿಲ್ಲುತ್ತಾನೆ. ನಿಮ್ಮ ರೂಟರಿನ ವ್ಯಾನ್ ಐಪಿ (ಕಂಪನಿ ಅದಕ್ಕೆ ಕೊಟ್ಟ ವಿಳಾಸ) 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ, ನೀವೂ ವಠಾರದವರೇ. ಆಗ ಯುಪಿಎನ್‌ಪಿ ಆನ್ ಮಾಡಿ, ಪೋರ್ಟ್ 3074 ತೆರೆಯಿರಿ ಅನ್ನುವ, ಅಂದರೆ ರೂಟರಿನಲ್ಲಿ ಆಟಕ್ಕೆ ಬಾಗಿಲು ತೆಗೆಯುವ ಸಲಹೆಗಳನ್ನೆಲ್ಲ ಕೇಳಿ ಪ್ರಯೋಜನವಿಲ್ಲ. ನಿಮ್ಮ ಮನೆ ಬಾಗಿಲು ಎಷ್ಟು ತೆಗೆದರೂ ಗೇಟಿನ ಬೀಗ ಕಂಪನಿ ಕೈಯಲ್ಲಿದೆ. ಹೊಸ ಐಪಿವಿ6 ವಿಳಾಸ ಬಳಸುವುದರಲ್ಲಿ ಭಾರತ ಜಗತ್ತಿನ ಮುಂಚೂಣಿ ದೇಶಗಳಲ್ಲೊಂದು. ಎಷ್ಟೋ ಆಟಗಳು ಮಾತ್ರ ಹಳೇ ವಿಳಾಸವನ್ನೇ ಹುಡುಕಿಕೊಂಡು ಬರುತ್ತವೆ.

ಸರಿ, ನಮಗೇ ಒಂದು ವಿಳಾಸ ಕೊಡಿ, ಸ್ಟ್ಯಾಟಿಕ್ ಐಪಿ, ದುಡ್ಡು ಕೊಡುತ್ತೇವೆ ಅಂತ ಫೋನ್ ಮಾಡಿದೆ.

“ಯಾವ ಬಿಸಿನೆಸ್ ಸರ್?”

“ಬಿಸಿನೆಸ್ ಅಲ್ಲ, ಮನೆಗೆ.”

“ಮನೆಗೆ ಸ್ಟ್ಯಾಟಿಕ್ ಐಪಿ ಯಾಕೆ ಸರ್?”

“ಆಟ ಆಡೋಕೆ.”

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ “ಜಿಎಸ್‌ಟಿ ನಂಬರ್, ಕಂಪನಿ ಲೆಟರ್‌ಹೆಡ್ ಕಳಿಸಿ ಸರ್.” ಬಿಲ್ಲಿನಲ್ಲಿ ಶೇಕಡಾ 18 ಜಿಎಸ್‌ಟಿ ತಗೊಳ್ಳುವಾಗ ನಾವು ಮನೆಯವರು ಅಂತ ಯಾರೂ ಅಡ್ಡಿ ಮಾಡಿರಲಿಲ್ಲ. ಇದೇ ಊರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ‘ಆಕಾಶವಾಣಿ’ ಅಂತ ರೇಡಿಯೋ ಶುರು ಮಾಡಿದರು. ಪುಣ್ಯಾತ್ಮರು, ಬೇಗ ಹುಟ್ಟಿ ಬಚಾವಾದರು. ಈಗಾಗಿದ್ದರೆ ಲೆಟರ್‌ಹೆಡ್ ತಗೊಂಡು ಬನ್ನಿ ಅನ್ನುತ್ತಿದ್ದರು.

ಕಂಪ್ಲೇಂಟಿನ ಕಥೆ ಕೇಳಿ. ಟಿಕೆಟ್ ತೆರೆದ ಅರ್ಧ ಗಂಟೆಗೆ ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಅಂತ ಮೆಸೇಜ್ ಬರುತ್ತದೆ. ಸಮಸ್ಯೆಗೆ ಆ ಮೆಸೇಜ್ ಹೋಗಿರುವುದಿಲ್ಲ. ಹುಡುಗ ಗೇಟಿನ ಹೊರಗೆ, ಬೈಕ್ ಕೂಡ ಆಫ್ ಮಾಡದೆ, “ಸಾರ್, ಒಂದು ಓಟಿಪಿ ಬಂದಿರುತ್ತೆ, ಹೇಳಿ” ಅನ್ನುತ್ತಾನೆ. ರಿಪೇರಿ? “ಅದು ಬ್ಯಾಕೆಂಡಿಂದ ಆಗುತ್ತೆ ಸಾರ್. ಓಟಿಪಿ ಇಲ್ಲಾಂದ್ರೆ ನನ್ನ ಸಂಬಳ ಹಿಡೀತಾರೆ.” ಅವನ ಮುಖ ನೋಡಿದರೆ ಕೊಡದೇ ಇರಲು ಮನಸ್ಸು ಬರುವುದಿಲ್ಲ, ಬಡಪಾಯಿಗೆ ದಿನಕ್ಕೆ ಇಷ್ಟು ಮನೆ ಅಂತ ಕಟ್ಟಿಹಾಕಿರುತ್ತಾರೆ. ಹೀಗೆ ಗಿರಾಕಿಯ ಕೈಯಿಂದಲೇ ಎಲ್ಲ ಸರಿಯಿದೆ ಅಂತ ಬರೆಸಿಕೊಂಡು ಹೋಗುತ್ತಾರೆ. ಬ್ಯಾಕೆಂಡ್ ಎಲ್ಲಿದೆ ಅಂತ ಕೇಳಿದೆ. ಅವನಿಗೂ ಗೊತ್ತಿಲ್ಲ.

ಕೊನೆಗೆ ಕಸ್ಟಮರ್ ಕೇರಿನವರೇ ಪರಿಹಾರ ಸೂಚಿಸಿದರು. ಪ್ಲಾನ್ ಅಪ್‌ಗ್ರೇಡ್! ಪಿಂಗ್ ಜಾಸ್ತಿ ಅಂದರೆ 300 ಎಂಬಿಪಿಎಸ್ ತಗೊಳ್ಳಿ. ಅಕ್ಕನ ಮಗನ ಹಟಕ್ಕೆ ಅದನ್ನೂ ತಗೊಂಡೆವು. ಈಗ ಅವನು 300 ಎಂಬಿಪಿಎಸ್ ವೇಗದಲ್ಲಿ ಸಾಯುತ್ತಾನೆ. ಅವನ ಅತ್ತೆ ಮದುವೆ ವಿಡಿಯೊ ಅಪ್‌ಲೋಡ್‌ಗೆ ಹಾಕಿದ ದಿನ ಇನ್ನೂ ಬೇಗ ಸಾಯುತ್ತಾನೆ, ಯಾಕೆಂದರೆ ಅಪ್‌ಲೋಡ್ ಲೈನ್ ತುಂಬಿದರೆ ಆಟದ ಪುಟ್ಟ ಡೇಟಾ ಪ್ಯಾಕೆಟ್ ಅದರ ಹಿಂದೆ ನಿಂತು ಕಾಯಬೇಕು. ಯಾವುದನ್ನು ಮೊದಲು ಬಿಡಬೇಕು ಅಂತ ರೂಟರಿಗೆ ಹೇಳಿಕೊಡಲು ಕ್ಯೂಒಎಸ್ ಅನ್ನುವ ಸೆಟ್ಟಿಂಗ್ ಇರುತ್ತದೆ. ಕಂಪನಿ ಕೊಟ್ಟ ರೂಟರಿನಲ್ಲಿ ಅದಕ್ಕೆ ಬೀಗ. ಪಾಸ್‌ವರ್ಡ್ ಬ್ಯಾಕೆಂಡ್ ಹತ್ತಿರ ಇದೆಯಂತೆ.

ಓನರಿಗೆ ಇದೆಲ್ಲ ಜೂಜು. “ಆನ್‌ಲೈನ್ ಗೇಮು ಬ್ಯಾನ್ ಆಯ್ತಲ್ಲ ಕಣ್ರೀ, ಇವನು ರಮ್ಮಿ ಆಡ್ತಾನಾ?” ಅಂತ ಮೆಟ್ಟಿಲ ಮೇಲೆ ತಡೆದು ಕೇಳಿದರು. 2025ರ ಕಾಯ್ದೆ ನಿಷೇಧಿಸಿದ್ದು ದುಡ್ಡು ಕಟ್ಟಿ ಆಡುವ ಆಟಗಳನ್ನು, ಇ-ಸ್ಪೋರ್ಟ್ಸಿಗೆ (ವಿಡಿಯೊ ಆಟಗಳ ಸ್ಪರ್ಧೆಗೆ) ಅದೇ ಕಾಯ್ದೆ ಮಾನ್ಯತೆ ಕೊಟ್ಟಿದೆ ಅಂತ ವಿವರಿಸಿದೆ. ನಂಬಲಿಲ್ಲ.

ಆಮೇಲೆ ಬೇಸಿಗೆ ರಜೆಗೆ ಅವರ ಮೊಮ್ಮಗ ಕನ್ಸೋಲ್ ಹೊತ್ತುಕೊಂಡು ಬಂದ. ಮಾರನೇ ದಿನವೇ ಮಹಡಿಯಿಂದ ಅಳು ಕೇಳಿಸಿತು. ಸಂಜೆ ಓನರ್ ಕೆಳಗೆ ಬಂದು, ದನಿ ತಗ್ಗಿಸಿ, “ಏನ್ರೀ ಅದು ಸ್ಟ್ರಿಕ್ಟು?” ಅಂದರು. ವಠಾರದ ಉದಾಹರಣೆ ಕೊಟ್ಟೆ. ಮನುಷ್ಯನಿಗೆ ರೇಗಿತು. ಸ್ವಂತ ಮನೆ ಕಟ್ಟಿಸಿಕೊಂಡವರು ವಠಾರದಲ್ಲಿರುವುದೆಂದರೇನು! ಅವರಿಗೊಂದು ದಿನಸಿ ಅಂಗಡಿ ಇದೆ, ಜಿಎಸ್‌ಟಿ ನಂಬರ್ ಇದೆ, ಲೆಟರ್‌ಹೆಡ್ಡೂ ಇದೆ. ವಾರದೊಳಗೆ ಬೇಳೆ, ಬೆಲ್ಲ, ಹುಣಸೆಹಣ್ಣಿನ ಸಗಟು ವ್ಯಾಪಾರದ ಹೆಸರಿನಲ್ಲಿ ಸ್ಟ್ಯಾಟಿಕ್ ಐಪಿ ಬಂತು. ಮೊಮ್ಮಗನ ರೂಮಿಗೆ ಕೇಬಲ್ ಎಳೆಯಲು ಅಪ್ಪ ಕಟ್ಟಿಸಿದ ಗೋಡೆಗೆ ಅವರೇ ಮುಂದೆ ನಿಂತು ಡ್ರಿಲ್ ಹಾಕಿಸಿದರು.

ಮೊಮ್ಮಗ ವಾಪಸ್ ಹೋದ. ಹಿತ್ತಲಿನ ಸಣ್ಣ ಮನೆ ಖಾಲಿಯಾಗಿದೆ, ಗೇಟಿಗೆ ಮೊನ್ನೆ ಬೋರ್ಡು ಬಿತ್ತು. ‘ಮನೆ ಬಾಡಿಗೆಗೆ ಇದೆ. ಪೂರ್ವದ ಬಾಗಿಲು, ಕಾವೇರಿ ನೀರು, ನ್ಯಾಟ್ ಓಪನ್. ಸಸ್ಯಾಹಾರಿಗಳಿಗೆ ಆದ್ಯತೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ.’ ವಿಚಾರಿಸಲು ಬಂದವರೆಲ್ಲ ಇಂಜಿನಿಯರಿಂಗ್ ಹುಡುಗರು. ನೀರಿನ ಬಗ್ಗೆ ಒಬ್ಬನೂ ಕೇಳಲಿಲ್ಲವಂತೆ, ಬಾಡಿಗೆ ಎರಡು ಸಾವಿರ ಏರಿಸಿದ್ದಾರೆ.