ಎದೆನೋವಿಗೆ ಹೋಗುತ್ತೇವೆ, ಎದೆಭಾರಕ್ಕೆ ಹೋಗುವುದಿಲ್ಲ

ಜನ ಆಪ್ತಸಮಾಲೋಚಕರ ಬಳಿ ಏಕೆ ಹೋಗುವುದಿಲ್ಲ ಎಂದು ಕೇಳಿದರೆ ‘ಅರಿವಿನ ಕೊರತೆ’ ಎಂಬ ಸಿದ್ಧ ಉತ್ತರ ಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ನಿಮ್ಹಾನ್ಸ್ ಎಲ್ಲಿದೆ ಎಂದು ಚೆನ್ನಾಗಿ ಬಲ್ಲ, ಓದಿದ, ಬೆಂಗಳೂರಿನಲ್ಲೇ ಇರುವ ಎಷ್ಟೋ ಮಂದಿ ಅತ್ತ ತಲೆ ಹಾಕುವುದಿಲ್ಲ. ತಡೆಯುವುದು ಭಯ.

ವ್ಯಾಪಾರ ಕೈಕೊಟ್ಟ ವರ್ಷ ನನ್ನ ಸೋದರಮಾವನಿಗೆ ರಾತ್ರಿಯೆಲ್ಲ ಎದೆ ಡವಡವ. ಇಸಿಜಿ, ಎಕೋ, ಟಿಎಂಟಿ ಎಲ್ಲವೂ ಆದವು. ಫೈಲು ದಪ್ಪವಾಯಿತೇ ಹೊರತು ನಿದ್ದೆ ಬರಲಿಲ್ಲ. ಕೊನೆಗೆ ಹೃದ್ರೋಗ ತಜ್ಞರೇ ‘ಒಮ್ಮೆ ಕೌನ್ಸೆಲಿಂಗ್‌ಗೆ ಹೋಗಿ ಬನ್ನಿ’ ಎಂದರು. ಮಾವ ಮನೆಗೆ ಬಂದು ಅತ್ತೆಯ ಮೇಲೆ ಹರಿಹಾಯ್ದರು: ‘ನನ್ನನ್ನೇನು ಹುಚ್ಚ ಎಂದುಕೊಂಡಿದ್ದಾರೆಯೇ?’ ನೆಂಟರಿಷ್ಟರ ಜಗಳಗಳನ್ನೆಲ್ಲ ಕೂತು ಬಗೆಹರಿಸುತ್ತಿದ್ದವರು ಅವರು. ಈಗ ಅಪರಿಚಿತರ ಮುಂದೆ ಕೂತು ‘ನನ್ನ ಕೈಯಲ್ಲಿ ಆಗುತ್ತಿಲ್ಲ’ ಎನ್ನಬೇಕಿತ್ತು.

ಊರಿನವರು ಆಡಿಕೊಳ್ಳುತ್ತಾರೆ ಎಂಬುದಕ್ಕಿಂತ ತನ್ನ ಕಣ್ಣಲ್ಲಿ ತಾನೇ ಸಣ್ಣವನಾಗುವ ಈ ಅಂಜಿಕೆಯೇ ಹೆಚ್ಚು ಕಾಡುತ್ತದೆ ಎಂಬುದು ನನ್ನ ಅನಿಸಿಕೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ವೋಗೆಲ್ ಮತ್ತು ಸಂಗಡಿಗರು ಇದನ್ನು ಅಳೆಯಲೆಂದೇ 2006ರಲ್ಲಿ 10 ಹೇಳಿಕೆಗಳ ಮಾಪನವೊಂದನ್ನು ಪ್ರಕಟಿಸಿದರು. ಈ ಅಂಜಿಕೆಯ ಜೊತೆಗೆ, ಅಳು ಶುರುವಾಗಿ ನಿಲ್ಲದೇ ಹೋದರೆ ಎಂಬ ದಿಗಿಲು. ‘ನನಗೆ ಗೊತ್ತಿಲ್ಲದ್ದನ್ನು ಅವರೇನು ಹೇಳಿಯಾರು?’ ಎಂಬ ಅಪನಂಬಿಕೆ ಬೇರೆ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇರುವವರಲ್ಲಿ ಸುಮಾರು ಶೇ 85ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ದುಡ್ಡು, ದೂರ, ತಜ್ಞರ ಅಭಾವವೂ ಕಾರಣ, ನಿಜ. ಆದರೆ ಮಾವನಿಗೆ ಇವು ಯಾವುವೂ ಅಡ್ಡಿಯಾಗಿರಲಿಲ್ಲ.

ಅವರ ಮನಸ್ಸು ತಿರುಗಿದ್ದು ಗೆಳೆಯರೊಬ್ಬರು ‘ನಾನೂ ಹೋಗಿದ್ದೆ ಕಣಯ್ಯ’ ಎಂದಾಗ. ತಕ್ಷಣ ಪ್ರಶ್ನೆಗಳ ಸುರಿಮಳೆ: ಮಾತ್ರೆ ನುಂಗಿಸುತ್ತಾರೆಯೇ? ಹೆಂಡತಿಯನ್ನೂ ಕರೆಸುತ್ತಾರೆಯೇ? ಹೇಳಿದ್ದನ್ನು ಬೇರೆಯವರಿಗೆ ತಿಳಿಸುತ್ತಾರೆಯೇ? ಜಾಗೃತಿಯ ಭಿತ್ತಿಪತ್ರಗಳು ಉತ್ತರಿಸಬೇಕಾದದ್ದು ಇಂಥವನ್ನು. ಆಪ್ತಸಮಾಲೋಚಕರು ಔಷಧಿ ಬರೆಯುವುದಿಲ್ಲ, ಅದು ಮನೋವೈದ್ಯರ ಕೆಲಸ. ಮೊದಲ ದಿನವೇ ಎಲ್ಲವನ್ನೂ ಹೇಳಬೇಕೆಂದಿಲ್ಲ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ, ಚಿಕಿತ್ಸೆಯ ಮಾಹಿತಿಯ ಗೋಪ್ಯತೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಕೊಟ್ಟಿರುವ ಹಕ್ಕು.

ಮಾವ ಮೊದಲ ಭೇಟಿಯಲ್ಲಿ ಸಾಲದ ಲೆಕ್ಕ ಬಿಟ್ಟು ಬೇರೇನನ್ನೂ ಹೇಳಲಿಲ್ಲವಂತೆ. ಆದರೂ ಮತ್ತೆ ಹೋದರು.

ಎದುರು ಕೂರುವುದೇ ಕಷ್ಟ ಎನ್ನುವವರಿಗೆ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.