ಖಾಲಿ ಡಬ್ಬಿ ಕ್ಯಾಚ್ ಕ್ಯಾನ್ ಆಗುವುದಿಲ್ಲ

ಈಗಷ್ಟೇ ಒಂದು ಫೋಟೋ ನೋಡಿದೆ. ಬಾನೆಟ್ ಎತ್ತಿದ ಕಾರು, ಎಂಜಿನ್ ಪಕ್ಕದಲ್ಲಿ ಥಳಥಳ ಹೊಳೆಯುವ ಕೆಂಪು ಕ್ಯಾಚ್ ಕ್ಯಾನ್ (ಎಂಜಿನ್ ಒಳಗಿಂದ ಬರುವ ಗಾಳಿಯಲ್ಲಿನ ಎಣ್ಣೆ ಹಿಡಿಯುವ ಡಬ್ಬಿ), ಅದರ ತಲೆಯ ಮೇಲೊಂದು ಪುಟ್ಟ ಏರ್ ಫಿಲ್ಟರ್. ಕೆಳಗೆ ಸಾಲುಸಾಲು ಶಹಬ್ಬಾಸ್. ಎರಡನೇ ಫೋಟೋದಲ್ಲಿ ಮುಚ್ಚಳ ತೆಗೆದಿದ್ದಾರೆ. ಒಳಗೆ ತಟ್ಟೆಯಿಲ್ಲ, ಜಾಲರಿಯಿಲ್ಲ, ಒಂದು ಅಡ್ಡಗೋಡೆಯೂ ಇಲ್ಲ. ಬರೀ ಡಬ್ಬಿ. ಅದಕ್ಕೂ ಶಹಬ್ಬಾಸ್.

ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಇಲ್ಲಿರುವ ಹಳಬರಿಗೆ ಈ ವಿಷಯ ಬಂದರೆ ನಾನು ಸುಮ್ಮನಿರುವುದಿಲ್ಲ ಅಂತ ಗೊತ್ತು. ಮತ್ತೊಮ್ಮೆ ಹೇಳುತ್ತೇನೆ: ಕ್ಯಾಚ್ ಕ್ಯಾನಿನ ಕೆಲಸ ಎಣ್ಣೆ ತುಂಬಿಟ್ಟುಕೊಳ್ಳುವುದಲ್ಲ, ಗಾಳಿಯಿಂದ ಎಣ್ಣೆಯನ್ನು ಬೇರ್ಪಡಿಸುವುದು. ಬೇರ್ಪಟ್ಟರೆ ತಾನೇ ತುಂಬಿಡುವ ಮಾತು!

ಸಿಲಿಂಡರಿನಲ್ಲಿ ಇಂಧನ ಉರಿದಾಗ ಆ ಒತ್ತಡದ ಅನಿಲದಲ್ಲಿ ಒಂದಿಷ್ಟು ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗೆ ಕ್ರ್ಯಾಂಕ್‌ಕೇಸಿಗೆ, ಅಂದರೆ ಕ್ರ್ಯಾಂಕ್ ತಿರುಗುವ ಎಂಜಿನ್ನಿನ ಕೆಳಗಿನ ಗೂಡಿಗೆ, ನುಸುಳುತ್ತದೆ. ಎಷ್ಟೇ ಹೊಸ ಎಂಜಿನ್ ಆದರೂ ಇದು ತಪ್ಪಿದ್ದಲ್ಲ. ಇದೇ ಬ್ಲೋಬೈ. ಅದರಲ್ಲಿ ನೀರಿನ ಆವಿ, ಉರಿಯದ ಪೆಟ್ರೋಲ್, ಮಸಿ ಎಲ್ಲವೂ ಇರುತ್ತವೆ, ಜೊತೆಗೆ ತಿರುಗುವ ಕ್ರ್ಯಾಂಕ್ ಚಿಮ್ಮಿಸಿದ ಎಣ್ಣೆಯ ಮಂಜೂ ಸೇರಿಕೊಳ್ಳುತ್ತದೆ. ಹಿಂದೆಲ್ಲ ಇದನ್ನು ಒಂದು ಪೈಪಿನಲ್ಲಿ ನೇರ ರಸ್ತೆಗೆ ಬಿಡುತ್ತಿದ್ದರು. 1960ರ ದಶಕದಲ್ಲಿ ಅಮೆರಿಕದಲ್ಲಿ ಹೊಗೆ ನಿಯಮಗಳು ಬಂದ ಮೇಲೆ ಪಿಸಿವಿ ವಾಲ್ವ್ (ಕ್ರ್ಯಾಂಕ್‌ಕೇಸಿನ ಗಾಳಿಯನ್ನು ಅಳತೆಯಿಟ್ಟು ಬಿಡುವ ವಾಲ್ವ್) ಬಳಕೆಗೆ ಬಂತು. ಎಂಜಿನ್ ತನ್ನ ಹೊಲಸನ್ನು ತಾನೇ ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗೆ) ಎಳೆದುಕೊಂಡು ಸುಡುವ ಏರ್ಪಾಡು ಅದು.

ಪೋರ್ಟ್ ಇಂಜೆಕ್ಷನ್ ಇರುವಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವಿನ ಬೆನ್ನಿನ ಮೇಲೇ ಬೀಳುತ್ತದೆ, ಹಾಗಾಗಿ ವಾಲ್ವ್ ತೊಳೆದುಕೊಳ್ಳುತ್ತಿರುತ್ತದೆ. ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಪೆಟ್ರೋಲ್ ನೇರ ಸಿಲಿಂಡರಿನೊಳಗೆ ಹೋಗುತ್ತದೆ. ವಾಲ್ವ್ ತೊಳೆಯುವವರು ಯಾರೂ ಇಲ್ಲ. ಎಣ್ಣೆಯ ಮಂಜು ಬಿಸಿ ವಾಲ್ವಿಗೆ ಅಂಟಿ, ಸುಟ್ಟು, ಪದರಪದರವಾಗಿ ಕರಿ ಕಟ್ಟುತ್ತದೆ. ಕೊನೆಗೆ ಮ್ಯಾನಿಫೋಲ್ಡ್ ಬಿಚ್ಚಿ ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆದು ಕೆರೆಯಬೇಕಾಗುತ್ತದೆ. ಟರ್ಬೊ ಇದ್ದರೆ ಅದು ಒತ್ತಿ ಕಳಿಸುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಒಳಗೋಡೆಗೂ ಎಣ್ಣೆ ಹತ್ತಿ ಶಾಖ ಬಿಟ್ಟುಕೊಡುವುದು ಕಡಿಮೆಯಾಗುತ್ತದೆ. ಉರಿಯುವ ಮಿಶ್ರಣಕ್ಕೆ ಎಣ್ಣೆ ಸೇರಿದರೆ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಎಂಜಿನ್ ಬಡಿದುಕೊಳ್ಳುವುದು) ಭಯ ಬೇರೆ.

ಇದನ್ನೆಲ್ಲ ತಡೆಯಲು ಹಾಕುವ ವಸ್ತುವಿನೊಳಗೆ ಏನೂ ಇಲ್ಲದಿದ್ದರೆ ಏನಾಗುತ್ತದೆ? 13 ಮಿ.ಮೀ. ಹೋಸಿನಿಂದ 75 ಮಿ.ಮೀ. ಅಗಲದ ಡಬ್ಬಿಗೆ ಬಂದ ಗಾಳಿ ಇಡೀ ಅಗಲಕ್ಕೆ ಹರಡಿಕೊಂಡರೆ ಅದರ ವೇಗ ಸುಮಾರು 33 ಪಟ್ಟು ಇಳಿಯಬೇಕು. ವೇಗ ಇಳಿದರೆ ದಪ್ಪ ಹನಿಗಳು ತಾವಾಗಿ ಕೆಳಗೆ ಬೀಳುತ್ತವೆ. ಖಾಲಿ ಡಬ್ಬಿಯಲ್ಲಿ ಗಾಳಿ ಹರಡಿಕೊಳ್ಳುವುದೇ ಇಲ್ಲ. ಇನ್‌ಲೆಟ್ಟಿನಿಂದ ಚಿಮ್ಮಿ, ಹತ್ತಿರದ ದಾರಿ ಹಿಡಿದು, ಪಕ್ಕದಲ್ಲೇ ಇರುವ ಔಟ್‌ಲೆಟ್ಟಿನಿಂದ ಎಣ್ಣೆಯ ಸಮೇತ ಹೊರಟುಹೋಗುತ್ತದೆ. ಸಣ್ಣ ಹನಿಗಳಂತೂ ಎಷ್ಟೇ ವೇಗ ಇಳಿದರೂ ತಾವಾಗಿ ಬೀಳುವುದಿಲ್ಲ. ಅವು ಎಲ್ಲಾದರೂ ಬಡಿದು, ಅಂಟಿ, ಒಂದಕ್ಕೊಂದು ಕೂಡಿ ದಪ್ಪವಾಗಬೇಕು. ಅದಕ್ಕೇ ಜಾಲರಿ ಬೇಕು, ಗಾಳಿಗೆ ಅಡ್ಡ ನಿಲ್ಲುವ ಬ್ಯಾಫಲ್ ತಟ್ಟೆ ಬೇಕು ಅಂತ ನಾನು ಬಡಿದುಕೊಳ್ಳುವುದು.

ಖಾಲಿ ಡಬ್ಬಿಯ ಈ ರೂಢಿ ರೇಸಿಂಗಿನಿಂದ ಬಂದದ್ದು. ರೇಸ್ ಕಾರಿನ ಬ್ರೀದರ್ (ಕ್ರ್ಯಾಂಕ್‌ಕೇಸಿನ ಗಾಳಿ ಹೊರಬರುವ ಪೈಪು) ಹೊರಗಾಳಿಗೆ ತೆರೆದಿರುವಲ್ಲಿ ಎಣ್ಣೆ ಟ್ರ್ಯಾಕಿನ ಮೇಲೆ ಚೆಲ್ಲಿದರೆ ಹಿಂದೆ ಬರುವವರು ಜಾರುತ್ತಾರೆ. ಅದನ್ನು ತಡೆಯಲು ಮೋಟಾರ್ ರೇಸಿಂಗಿನ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎ ನಿಯಮಗಳಲ್ಲಿ 2000 ಸಿಸಿವರೆಗಿನ ಎಂಜಿನ್ನಿಗೆ 2 ಲೀಟರ್, ಅದಕ್ಕಿಂತ ದೊಡ್ಡದಕ್ಕೆ 3 ಲೀಟರ್ ಟ್ಯಾಂಕ್ ಇರಬೇಕು ಎಂದಿದೆ. ಅಲ್ಲಿನ ಉದ್ದೇಶ ಚೆಲ್ಲದಂತೆ ಹಿಡಿಯುವುದು, ಹಾಗಾಗಿ ಗಾತ್ರ ಮುಖ್ಯ. ರಸ್ತೆಯ ಕಾರಿನಲ್ಲಿ ಗಾಳಿ ಎಂಜಿನ್ನಿಗೇ ಮರಳಬೇಕು, ಎಣ್ಣೆ ಮಾತ್ರ ಹಿಂದೆ ಉಳಿಯಬೇಕು. ಇಲ್ಲಿ ಮುಖ್ಯವಾದದ್ದು ಡಬ್ಬಿಯ ಹೊಟ್ಟೆಯೊಳಗೆ ಏನಿದೆ ಎಂಬುದು.

ಆದ್ದರಿಂದ ಕೊಳ್ಳುವ ಮುಂಚೆ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಇನ್‌ಲೆಟ್ಟಿನಿಂದ ಬಂದ ಗಾಳಿ ಮೊದಲು ಕೆಳಮುಖವಾಗಿ ಹೋಗಬೇಕು. ಆಮೇಲೆ ತಟ್ಟೆಗೆ ಬಡಿದು ದಿಕ್ಕು ಬದಲಿಸಿ, ಜಾಲರಿಯನ್ನೋ ಕಂಚಿನ ಪುಡಿಯನ್ನು ಬಿಸಿಯಲ್ಲಿ ಬೆಸೆದು ಮಾಡಿದ ಸಿಂಟರ್ಡ್ ಫಿಲ್ಟರನ್ನೋ ದಾಟಿ ಮೇಲೆದ್ದು ಹೊರಗೆ ಹೋಗಬೇಕು. ಎಣ್ಣೆ ಕೂಡುವ ಜಾಗಕ್ಕೂ ಗಾಳಿ ಓಡುವ ಜಾಗಕ್ಕೂ ನಡುವೆ ತೂತಿನ ತಟ್ಟೆ ಇರಬೇಕು. ಇಲ್ಲದಿದ್ದರೆ ತಿರುವಿನಲ್ಲಿ, ಜೋರು ಬ್ರೇಕಿನಲ್ಲಿ ಕೂಡಿದ ಎಣ್ಣೆ ಎಗರಿ ಔಟ್‌ಲೆಟ್ ಸೇರುತ್ತದೆ. ಗಾತ್ರ 300ರಿಂದ 500 ಮಿ.ಲೀ. ಇದ್ದರೆ ರಸ್ತೆಯ ಕಾರಿಗೆ ಧಾರಾಳ. ಫಿಟ್ಟಿಂಗಿನ ಒಳತೂತು ಮೂಲ ಹೋಸಿನ ಒಳ ಅಳತೆಗಿಂತ ಸಣ್ಣದಿರಬಾರದು. ಹೊರಗಡೆ 16 ಮಿ.ಮೀ. ಕಾಣುವ ಫಿಟ್ಟಿಂಗಿನ ಒಳತೂತು 10 ಮಿ.ಮೀ. ಇರಬಹುದು, ಕ್ಯಾಲಿಪರ್ ಇಟ್ಟು ಅಳೆಯಿರಿ. ತಳದಲ್ಲಿ ಡ್ರೇನ್ ಟ್ಯಾಪ್ ಇದ್ದರೆ ಅನುಕೂಲ. ಬಣ್ಣ ಯಾವುದಾದರೂ ಆಗಲಿ.

ಇನ್ನು ಆ ಪುಟ್ಟ ಏರ್ ಫಿಲ್ಟರ್. ಖಾಲಿ ಡಬ್ಬಿಯಿಂದ ಪ್ರಯೋಜನವಿಲ್ಲ ಅಷ್ಟೆ, ಈ ಫಿಲ್ಟರಿನಿಂದ ಎಂಜಿನ್ನಿಗೆ ನೇರ ಹಾನಿ. ಕ್ಯಾನಿನ ಔಟ್‌ಲೆಟ್ ಮ್ಯಾನಿಫೋಲ್ಡಿಗೆ ಸೇರಿದ್ದರೆ ಅಲ್ಲಿ ಐಡಲಿನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) ಹೊರಗಾಳಿಗಿಂತ ಸುಮಾರು 60ರಿಂದ 70 ಕಿಲೊಪಾಸ್ಕಲ್ ಕಡಿಮೆ ಒತ್ತಡ ಇರುತ್ತದೆ. ತಲೆ ಮೇಲೆ ಫಿಲ್ಟರ್ ಇಟ್ಟರೆ ಆ ಎಳೆತಕ್ಕೆ ಹೊರಗಾಳಿ ಒಳನುಗ್ಗುತ್ತದೆ. ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರಿನ ಲೆಕ್ಕಕ್ಕೆ ಸಿಗದ ಗಾಳಿ ಅದು. ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆ ಬೀಳುತ್ತದೆ, ಐಡಲ್ ಏರಿಳಿಯುತ್ತದೆ, ಅದನ್ನೇ ಹೇಳುವ ಪಿ0171 ದೋಷದ ಕೋಡ್ ಬಂದು ಚೆಕ್ ಎಂಜಿನ್ ದೀಪ ಹತ್ತುತ್ತದೆ. ಅಷ್ಟು ಹೊತ್ತಿಗೆ ಜನ ಆಕ್ಸಿಜನ್ ಸೆನ್ಸರ್ ಬದಲಿಸಲು ಓಡುತ್ತಾರೆ. ಫಿಲ್ಟರ್ ಇರುವ ಕ್ಯಾನ್ ತಂದಿದ್ದರೆ ಆ ತೂತಿಗೆ ಮುಚ್ಚಳ ಹಾಕಿ ಬಿಗಿದುಬಿಡಿ. ಪಿಸಿವಿ ವಾಲ್ವನ್ನು ಮಾತ್ರ ಯಾವ ಕಾರಣಕ್ಕೂ ಕಿತ್ತು ಬಿಸಾಡಬೇಡಿ. ಎಷ್ಟು ಗಾಳಿ ಹೋಗಬೇಕು ಎಂದು ಅಳತೆ ಇಡುವುದು ಅದೇ.

ಜೋಡಿಸುವಾಗ ದಿಕ್ಕು ತಪ್ಪಿಸುವವರು ಬಹಳ. ಪಿಸಿವಿ ವಾಲ್ವಿನಿಂದ ಬರುವ ಹೋಸ್ ಕ್ಯಾನಿನ ಇನ್‌ಲೆಟ್ಟಿಗೆ, ಔಟ್‌ಲೆಟ್ಟಿನಿಂದ ಮ್ಯಾನಿಫೋಲ್ಡಿಗೆ. ಟರ್ಬೊ ಎಂಜಿನ್ನಿನಲ್ಲಿ ದಾರಿ ಎರಡು. ಐಡಲ್ ಮತ್ತು ನಿಧಾನದ ಓಟದಲ್ಲಿ ಬ್ಲೋಬೈ ಪಿಸಿವಿ ಮೂಲಕ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಬೂಸ್ಟ್ ಬಂದಾಗ, ಅಂದರೆ ಟರ್ಬೊ ಗಾಳಿ ಒತ್ತುವಾಗ, ಮ್ಯಾನಿಫೋಲ್ಡಿನಲ್ಲೇ ಒತ್ತಡ ಇರುವುದರಿಂದ ಆ ದಾರಿಯ ಚೆಕ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಮುಚ್ಚಿಕೊಳ್ಳುತ್ತದೆ. ಆಗ ಎಂಜಿನ್ ತಲೆಯ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಬ್ರೀದರ್ ಪೈಪಿನಿಂದ ಟರ್ಬೊ ಮುಂದಿನ ಇನ್‌ಟೇಕ್ ಪೈಪಿಗೆ ಹೋಗುತ್ತದೆ. ಒಂದೇ ದಾರಿಗೆ ಕ್ಯಾನ್ ಹಾಕಿದರೆ ಇನ್ನೊಂದು ದಾರಿ ತೆರೆದೇ ಇರುತ್ತದೆ. ಎರಡಕ್ಕೂ ಬೇಕಾದರೆ ಎರಡು ಕ್ಯಾನ್ ಹಾಕಿ, ಇಲ್ಲವೇ ಎರಡು ಔಟ್‌ಲೆಟ್ ಇರುವ ಒಂದು ಕ್ಯಾನಿಗೆ ಎರಡೂ ಕಡೆ ಚೆಕ್ ವಾಲ್ವ್ ಕೂಡಿಸಿ. ಚೆಕ್ ವಾಲ್ವ್ ಉಲ್ಟಾ ಕೂತರೆ, ಅಥವಾ ಇಲ್ಲದೇ ಹೋದರೆ, ಬೂಸ್ಟ್ ನೇರ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಆಯಿಲ್ ಸೀಲುಗಳನ್ನು ಹೊರತಳ್ಳುತ್ತದೆ.

ಹೋಸಿನಲ್ಲಿ ಉಳಿತಾಯ ಬೇಡ. ಎಣ್ಣೆ ಮತ್ತು ಇಂಧನ ತಾಳುವ, ಒಳಗೆ ನೂಲಿನ ಬಲವಿರುವ ನೈಟ್ರೈಲ್ ರಬ್ಬರ್ ಹೋಸ್ ಬೇಕು. ಹೀಟರ್ ಹೋಸ್ ಇಪಿಡಿಎಂ ರಬ್ಬರಿನದು, ಎಣ್ಣೆಗೆ ಊದಿಕೊಂಡು ಮೆತ್ತಗಾಗುತ್ತದೆ. ಬಣ್ಣಬಣ್ಣದ ಸಾದಾ ಸಿಲಿಕೋನ್ ಹೋಸಿನ ಗೋಡೆಯಿಂದ ಎಣ್ಣೆ ಬೆವರಿನಂತೆ ಒಸರುತ್ತದೆ. ತೆಳು ಹೋಸ್ ಹಾಕಿದರೆ ಎಂಜಿನ್ ಬಿಸಿಯಾದಾಗ ವ್ಯಾಕ್ಯೂಮಿಗೆ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಹೋಸ್ ಎಲ್ಲೂ ಜೋಲು ಬೀಳಬಾರದು, ತಗ್ಗಿನಲ್ಲಿ ನೀರು, ಎಣ್ಣೆ ನಿಂತು ದಾರಿ ಕಟ್ಟುತ್ತದೆ. ಎಂಜಿನ್ನಿನಿಂದ ಕ್ಯಾನಿನವರೆಗೆ ಒಂದೇ ಇಳಿಜಾರು ಇರಲಿ.

ಕ್ಯಾನ್ ಕೂರಿಸುವ ಜಾಗ ತಂಪಾಗಿರಬೇಕು, ತಂಪಿದ್ದಷ್ಟೂ ಆವಿ ಚೆನ್ನಾಗಿ ಹನಿಗಟ್ಟುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಟರ್ಬೊ ಹತ್ತಿರ ಬೇಡವೇ ಬೇಡ. ಬ್ರಾಕೆಟ್ ಎಂಜಿನ್ನಿಗಲ್ಲ, ಕಾರಿನ ಬಾಡಿಯ ತಗಡಿಗೆ ಬಿಗಿಯಿರಿ. 2ರಿಂದ 3 ಮಿ.ಮೀ. ದಪ್ಪದ ಸ್ಟೀಲ್ ಪಟ್ಟಿ ಸಾಕು. ಎಂಜಿನ್ ತನ್ನ ಮೌಂಟಿನ ಮೇಲೆ ಅಲುಗುವುದರಿಂದ ಹೋಸಿಗೆ ಸ್ವಲ್ಪ ಸಡಿಲ ಬಿಡಬೇಕು. ಬ್ಯಾಟರಿ ಟರ್ಮಿನಲ್, ಫ್ಯಾನ್, ಬೆಲ್ಟುಗಳಿಂದ ದೂರವಿರಲಿ. ಬಾನೆಟ್ಟಿಗೆ ತಾಗುತ್ತದೆಯೇ ಎಂದು ನೋಡಲು ಮುಚ್ಚಳದ ಮೇಲೆ ಹಿಟ್ಟಿನ ಮುದ್ದೆ ಇಟ್ಟು ಬಾನೆಟ್ ಮುಚ್ಚಿ ತೆಗೆದರೆ ಗೊತ್ತಾಗಿಬಿಡುತ್ತದೆ.

ಎಲ್ಲ ಬಿಗಿದ ಮೇಲೆ ಎಂಜಿನ್ ಚಾಲೂ ಮಾಡಿ, ಬಿಸಿಯಾಗಲು ಬಿಡಿ. ಕಾರಿನ ಕಂಪ್ಯೂಟರಿಗೆ ಜೋಡಿಸುವ ಓಬಿಡಿ ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ (ಪೆಟ್ರೋಲಿನ ಅಳತೆಯಲ್ಲಿ ಕಂಪ್ಯೂಟರ್ ಮಾಡಿಕೊಳ್ಳುವ ತಿದ್ದುಪಡಿ) ನೋಡಿ. ಕ್ಯಾನ್ ಹಾಕುವ ಮುಂಚೆ ಇದ್ದ ಅಂಕಿಗೂ ಈಗಿನ ಅಂಕಿಗೂ ಹೆಚ್ಚು ಅಂತರ ಇರಬಾರದು, ಅದಕ್ಕಾಗಿ ಮೊದಲೇ ಬರೆದಿಟ್ಟುಕೊಂಡಿರಿ. ಐಡಲಿನಲ್ಲಿ ಟ್ರಿಮ್ ಪ್ಲಸ್ ಕಡೆಗೆ ಏರಿ, ಆಕ್ಸಿಲರೇಟರ್ ಒತ್ತಿದಾಗ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದೇ ಅರ್ಥ. ಕ್ಲ್ಯಾಂಪ್ ಮತ್ತು ಮುಚ್ಚಳದ ಓ-ರಿಂಗ್ ಮೊದಲು ನೋಡಿ.

ಮೊದಲ ಸಲ 500 ಕಿ.ಮೀ.ಗೆ ಬಿಚ್ಚಿ ನೋಡಿ, ಎಷ್ಟು ಕೂಡಿದೆ ಎಂದು ಅಳೆದು ಬರೆದಿಡಿ. ಆಮೇಲೆ ನಿಮ್ಮ ಎಂಜಿನ್ನಿಗೆ ತಕ್ಕ ಅಂತರ ತಾನಾಗಿ ತಿಳಿಯುತ್ತದೆ. ಅರ್ಧ ತುಂಬುವ ಮೊದಲೇ ಖಾಲಿ ಮಾಡುವುದು ಒಳ್ಳೆಯದು. ಕಾಫಿಗೆ ಹಾಲು ಬೆರೆಸಿದಂಥ ಬಣ್ಣ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿ ಎಣ್ಣೆಗೆ ಕೂಲೆಂಟ್ ಸೇರಿತು ಎಂದು ಗಾಬರಿ ಬೀಳಬೇಡಿ. ಚಳಿಯಲ್ಲಿ, ಚಿಕ್ಕಚಿಕ್ಕ ಓಡಾಟದಲ್ಲಿ ನೀರಿನ ಆವಿ ಎಣ್ಣೆಗೆ ಬೆರೆತು ಹಾಗಾಗುತ್ತದೆ. ಕೂಲೆಂಟ್ ಮಟ್ಟ ಇಳಿಯುತ್ತಿದ್ದರೆ ಮಾತ್ರ ಯೋಚಿಸಿ. ಹಿಮ ಬೀಳುವ ಕಡೆ ಈ ನೀರು ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಆಗ ಕ್ರ್ಯಾಂಕ್‌ಕೇಸಿನ ಒತ್ತಡ ಏರಿ ಡಿಪ್‌ಸ್ಟಿಕ್ ಎದ್ದು ಬರುತ್ತದೆ, ಸೀಲ್ ಸೋರುತ್ತದೆ. ಅಂಥಲ್ಲಿ ವಾರಕ್ಕೊಮ್ಮೆ ಖಾಲಿ ಮಾಡುವ ಶಿಸ್ತಿಲ್ಲದವರು ಚಳಿಗಾಲದಲ್ಲಿ ಕ್ಯಾನ್ ತೆಗೆದು ಮೂಲ ಹೋಸ್ ಹಾಕಿಕೊಳ್ಳಲಿ. ಹಿಡಿದ ಎಣ್ಣೆಯನ್ನು ಮತ್ತೆ ಎಂಜಿನ್ನಿಗೆ ಸುರಿಯಬೇಡಿ, ಅದರಲ್ಲಿ ನೀರು, ಪೆಟ್ರೋಲ್, ಆಮ್ಲ ಎಲ್ಲ ಇದೆ.

ಡೀಸೆಲ್ ಎಂಜಿನ್ನಿನಲ್ಲಿ ಇಜಿಆರ್ (ಹೊಗೆಯ ಒಂದು ಪಾಲನ್ನು ಇನ್‌ಟೇಕಿಗೆ ಮರಳಿಸುವ ವ್ಯವಸ್ಥೆ) ತರುವ ಮಸಿಗೆ ಈ ಎಣ್ಣೆ ಸೇರಿ ಮ್ಯಾನಿಫೋಲ್ಡಿನೊಳಗೆ ಡಾಂಬರಿನಂತೆ ಮೆತ್ತಿಕೊಳ್ಳುತ್ತದೆ. ಅಲ್ಲಿ ಗಾಳಿಯ ಪ್ರಮಾಣ ಹೆಚ್ಚು, ಹೋಸ್ ದಪ್ಪ. ಮಾನ್+ಹಮ್ಮೆಲ್‌ನವರ ಪ್ರೊವೆಂಟ್ 200 ತರಹ ಬಟ್ಟೆಯಂಥ ಫಿಲ್ಟರ್ ಮತ್ತು ಒತ್ತಡ ಏರಿದರೆ ತೆರೆಯುವ ವಾಲ್ವ್ ಇರುವಂಥದ್ದೇ ಬೇಕು. ಫಿಲ್ಟರ್ ಕಟ್ಟಿಕೊಂಡರೆ ಕ್ರ್ಯಾಂಕ್‌ಕೇಸಿನ ಒತ್ತಡ ಏರಿ, ಟರ್ಬೊದಿಂದ ತನ್ನ ಭಾರಕ್ಕೆ ಇಳಿಯುವ ಎಣ್ಣೆ ಸಲೀಸಾಗಿ ಎಂಜಿನ್ ತಳದ ಎಣ್ಣೆ ತೊಟ್ಟಿಗೆ ಬಾರದೆ ಟರ್ಬೊ ಸೀಲಿನಿಂದ ಸೋರುತ್ತದೆ. ಜನ ಟರ್ಬೊ ಹೋಯಿತು ಎಂದು ಬದಲಿಸುತ್ತಾರೆ. ಹೋಗಿದ್ದು ಫಿಲ್ಟರ್!

ಬೇಕಿದ್ದರೆ ಕಂಪನಿಯವರೇ ಹಾಕುತ್ತಿರಲಿಲ್ಲವೇ ಎಂದು ಕೇಳುವವರು ಈ ಪೋಸ್ಟಿಗೂ ಬರುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ಟರ್ಬೊ ಇಲ್ಲದ, ಪೋರ್ಟ್ ಇಂಜೆಕ್ಷನ್ನಿನ, ರಿಂಗುಗಳು ಗಟ್ಟಿಯಿರುವ ಎಂಜಿನ್ನಿಗೆ ಇದು ಬೇಕಿಲ್ಲ. ಟ್ಯಾಪೆಟ್ ಕವರಿನೊಳಗೆ ಕಂಪನಿಯವರು ಒಂದು ಸೆಪರೇಟರ್ ಕೊಟ್ಟೂ ಇರುತ್ತಾರೆ. ಆದರೆ ಮಾಲೀಕರು ಆಗಾಗ ಕೈಯಾರೆ ಖಾಲಿ ಮಾಡಬೇಕಾದ ಡಬ್ಬಿಯನ್ನು ಕಂಪನಿಗಳು ಸಾಮಾನ್ಯವಾಗಿ ಕಾರಿನ ಜೊತೆ ಕೊಡುವುದಿಲ್ಲ. ಮರೆತವರ ಎಂಜಿನ್ನಿಗೆ ತಾನು ಹೊಣೆಯಾಗಬೇಕಲ್ಲ. ಕೊಡದಿದ್ದ ಮಾತ್ರಕ್ಕೆ ಡೈರೆಕ್ಟ್ ಇಂಜೆಕ್ಷನ್ ವಾಲ್ವಿಗೆ ಕರಿ ಕಟ್ಟುವುದು ಸುಳ್ಳಾಗುವುದಿಲ್ಲ. ಹಾಗೆಯೇ ರಿಂಗ್ ಸವೆದ ಎಂಜಿನ್ನಿಗೆ ಕ್ಯಾನ್ ಮದ್ದಲ್ಲ. ಹಿಡಿಯುವ ಪ್ರಮಾಣ ಇದ್ದಕ್ಕಿದ್ದಂತೆ ಏರಿದರೆ ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ಅಳೆಯುವ ಪರೀಕ್ಷೆ) ಮಾಡಿಸಿ.

ಆಗಲೇ ಖಾಲಿ ಡಬ್ಬಿ ಕೊಂಡಿದ್ದರೆ ಬಿಸಾಡಬೇಡಿ, ಸರಿ ಮಾಡಬಹುದು. ಇನ್‌ಲೆಟ್ಟಿನಿಂದ ಒಳಗೆ ಒಂದು ನಳಿಕೆ ಇಳಿಸಿ ಡಬ್ಬಿಯ ಅರ್ಧದವರೆಗೆ ತನ್ನಿ. ಎಣ್ಣೆಯಲ್ಲಿ ಮುಳುಗುವಷ್ಟು ಇಳಿಸಿದರೆ ಗಾಳಿ ಗುಳುಗುಳು ಎಂದು ಎಣ್ಣೆಯನ್ನೇ ಮೇಲೆತ್ತುತ್ತದೆ. ನಳಿಕೆಯ ತುದಿಗಿಂತ ಸ್ವಲ್ಪ ಮೇಲೆ, ನಳಿಕೆ ಹಾದುಹೋಗುವಂತೆ, ಒಂದು ತೂತಿನ ತಟ್ಟೆ ಕೂರಿಸಿ. 13 ಮಿ.ಮೀ. ಹೋಸಿನ ದಾರಿಗೆ 3 ಮಿ.ಮೀ.ನ 19 ತೂತು ಸಮ, ಆದ್ದರಿಂದ 40ರಿಂದ 50 ತೂತು ಕೊರೆಯಿರಿ. ಆ ತಟ್ಟೆಯ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯನ್ನು ತುರುಕದೆ ಸಡಿಲವಾಗಿ ತುಂಬಿ, ಔಟ್‌ಲೆಟ್ಟಿನ ಕೆಳಗೆ ಇನ್ನೊಂದು ತೂತಿನ ತಟ್ಟೆ ಇಡಿ. ಸಾದಾ ಸ್ಟೀಲ್ ವುಲ್ (ಉಕ್ಕಿನ ತೆಳು ಎಳೆಗಳ ಮುದ್ದೆ) ಹಾಕಲೇಬೇಡಿ. ಅದು ತುಕ್ಕು ಹಿಡಿದು ಎಳೆಎಳೆಯಾಗಿ ಮುರಿದು ಸಿಲಿಂಡರಿನೊಳಗೆ ಹೋಗುತ್ತದೆ. ಕೊರೆದ ಮೇಲೆ ತೂತುಗಳ ಅಂಚು ಉಜ್ಜಿ, ಎಲ್ಲವನ್ನೂ ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಲೋಹದ ಒಂದು ಚೂರೂ ಉಳಿದಿಲ್ಲ ಎಂದು ಟಾರ್ಚ್ ಬಿಟ್ಟು ನೋಡಿಯೇ ಮುಚ್ಚಳ ಬಿಗಿಯಿರಿ.